ಮುದಿ ಸೈನಿಕನ ಹೊಡೆದಾಟ: ಒಬ್ಬ ವ್ಯಾನ್ ಡ್ಯಾಮ್ ಅಭಿಮಾನಿಯ ಪ್ರಕರಣ

ನನ್ನ ಗೆಳೆಯನೊಬ್ಬನಿಗೆ ಹಾಲಿವುಡ್ ಫೈಟ್ ಸಿನಿಮಾಗಳ ಬೆಲ್ಜಿಯನ್ ನಟ ಜಾನ್ ಕ್ಲಾಡ್ ವ್ಯಾನ್ ಡ್ಯಾಮ್ ಅಂದರೆ ಪ್ರಾಣ. ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. 1988ರಲ್ಲಿ ‘ಬ್ಲಡ್‌ಸ್ಪೋರ್ಟ್’, ಮರುವರ್ಷ ‘ಕಿಕ್‌ಬಾಕ್ಸರ್’ ಬಂದಾಗ ಹುಡುಗರಾಗಿದ್ದವರಿಗೆ ಈ ಹುಚ್ಚು ಹಿಡಿಯದಿದ್ದರೇ ಆಶ್ಚರ್ಯ. ನನಗೆ ಕುತೂಹಲ ಹುಟ್ಟಿಸಿದ್ದು ಅವನು ಯಾವ ಸಿನಿಮಾವನ್ನು ತಲೆ ಮೇಲೆ ಹೊತ್ತು ತಿರುಗುತ್ತಾನೆ ಎಂಬುದು. ಅದು ಆ ಎರಡರಲ್ಲಿ ಒಂದಲ್ಲ. ಜಗತ್ತಿನಾದ್ಯಂತ ಹತ್ತು ಕೋಟಿ ಡಾಲರ್ ದುಡಿದ ‘ಟೈಮ್‌ಕಾಪ್’ (1994) ಕೂಡ ಅಲ್ಲ. 2009ರಲ್ಲಿ ಒಂದು ಚಿತ್ರೋತ್ಸವದಲ್ಲಿ ಮುಖ ತೋರಿಸಿ, ಮರುವರ್ಷ ಅಮೆರಿಕದಲ್ಲಿ ನೇರ ಡಿವಿಡಿಗೆ ಹೋದ ‘ಯೂನಿವರ್ಸಲ್ ಸೋಲ್ಜರ್: ರೀಜನರೇಶನ್’ ಅವನ ಸಿನಿಮಾ.

ಸರಣಿ ಹಳೆಯದು, ನಾಯಕನಿಗೆ ವಯಸ್ಸು 48ರ ಆಸುಪಾಸು, ಕೈಯಲ್ಲಿದ್ದ ದುಡ್ಡು ಕಡಿಮೆ, ಚಿತ್ರೀಕರಣ ಬಲ್ಗೇರಿಯಾದಲ್ಲಿ. ಈ ನಾಲ್ಕು ಮಾತು ಕೇಳಿದರೆ ಸಾಕು, ಸಿನಿಮಾ ನೋಡದೆಯೇ ತೀರ್ಪು ಕೊಟ್ಟುಬಿಡಬಹುದು ಅನಿಸುತ್ತದೆ. ಹಾಗೆ ಕೊಡುವವರಿಗೇನೂ ಬರವಿಲ್ಲ. ಗೆಳೆಯ ಮಾತ್ರ ತದ್ವಿರುದ್ಧ ಹೇಳುತ್ತಾನೆ: ದುಡ್ಡು ಕಡಿಮೆ ಇದ್ದದ್ದಕ್ಕೇ, ನಾಯಕನಿಗೆ ವಯಸ್ಸಾಗಿದ್ದಕ್ಕೇ ಈ ಸಿನಿಮಾ ಇಷ್ಟು ಚೆನ್ನಾಗಿದೆ. ಇದರಲ್ಲಿ ಅಭಿಮಾನದ ಪಾಲೆಷ್ಟು, ಕಣ್ಣಿನ ತಿಳಿವೆಷ್ಟು ಎಂದು ಬಿಡಿಸಿ ನೋಡುವ ಆಸೆ ನನಗೆ. ಅದಕ್ಕೆ ಒಂದು ಸಂದರ್ಭವೂ ಒದಗಿತು. ಅವನು ತನ್ನ ಸೋದರಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಸಿನಿಮಾ ತೋರಿಸಿದ. ಮೂರನೆಯವನಾಗಿ ನಾನೂ ಇದ್ದೆ.

ಅಭಿಮಾನಿ ಎಂಥವನು

ಗೆಳೆಯ ಹುಡುಗನಾಗಿದ್ದಾಗ ಕರಾಟೆ ಕಲಿತವನು. ಬ್ರೌನ್ ಬೆಲ್ಟ್‌ವರೆಗೆ ಹೋಗಿ, ಮಂಡಿ ಕೈಕೊಟ್ಟು ನಿಲ್ಲಿಸಿದ. ಈ ವಿಷಯ ಇಲ್ಲಿ ಮುಖ್ಯ, ಯಾಕೆಂದರೆ ಅವನು ಫೈಟ್ ನೋಡುವಾಗ ಮುಖ ನೋಡುವುದಿಲ್ಲ, ಸೊಂಟ ನೋಡುತ್ತಾನೆ. ಒದೆ ಹುಟ್ಟುವುದು ಸೊಂಟದಲ್ಲಿ, ಕಾಲು ಅದರ ಬಾಲ ಅಷ್ಟೇ ಎಂಬುದು ಅವನ ಖಾಯಂ ಮಾತು. ಪರದೆ ಮೇಲೆ ಯಾರಾದರೂ ಒದೆಯುವಾಗ ಊರಿದ ಕಾಲಿನ ಹಿಮ್ಮಡಿ ತಿರುಗಿತೋ ಇಲ್ಲವೋ ಎಂದು ಅವನ ಕಣ್ಣು ಹೋಗುತ್ತದೆ. ತಿರುಗದಿದ್ದರೆ ಅದು ಎಡಿಟಿಂಗ್ ಟೇಬಲ್ ಮೇಲೆ ಹುಟ್ಟಿದ ಒದೆ, ತಿರುಗಿದ್ದರೆ ನೆಲದ ಮೇಲೆ ಹುಟ್ಟಿದ್ದು.

ಅವನಿಗೆ ಸಹಿಸಲಾಗದ್ದು ಇನ್ನೊಂದಿದೆ: ‘ಎಷ್ಟು ಕೆಟ್ಟದಾಗಿದೆ ಅಂದ್ರೆ, ನೋಡೋಕೆ ಮಜಾ’ ಎನ್ನುವವರ ನಗು. ಅಗ್ಗದ ಮಾರ್ಷಲ್ ಆರ್ಟ್ಸ್ ಸಿನಿಮಾಗಳನ್ನು ಹಾಗೆ ಗೇಲಿ ಮಾಡಿಕೊಂಡು ನೋಡುವ ಒಂದು ದೊಡ್ಡ ಬಳಗವೇ ಇದೆ. ನಾನೂ ಅಂಥ ಕೂಟಗಳಲ್ಲಿ ಕೂತು ನಕ್ಕವನೇ. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಗೆಳೆಯನ ಖುಷಿ ಆ ಜಾತಿಯದಲ್ಲ. ಅವನು ನಗುವುದೇ ಇಲ್ಲ. ಪರೀಕ್ಷೆಗೆ ಓದುವವನ ಹಾಗೆ ಮುಂದಕ್ಕೆ ಬಾಗಿ ಕೂತಿರುತ್ತಾನೆ.

ಸಿನಿಮಾ ಬಂದ ದಾರಿ

ಮೂಲ ‘ಯೂನಿವರ್ಸಲ್ ಸೋಲ್ಜರ್’ 1992ರದು, ನಿರ್ದೇಶನ ರೋಲಂಡ್ ಎಮೆರಿಕ್. ವಿಯೆಟ್ನಾಂ ಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಂದುಕೊಂಡ ಇಬ್ಬರು ಅಮೆರಿಕನ್ ಸೈನಿಕರ ಹೆಣಗಳನ್ನು ಸರ್ಕಾರ ಮತ್ತೆ ಎಬ್ಬಿಸಿ, ನೆನಪು ಅಳಿಸಿ, ದಣಿವರಿಯದ ಕೊಲೆಗಡುಕರನ್ನಾಗಿ ಮಾಡುತ್ತದೆ. ಲ್ಯೂಕ್ ಡೆವರೋ ಆಗಿ ವ್ಯಾನ್ ಡ್ಯಾಮ್, ಆಂಡ್ರ್ಯೂ ಸ್ಕಾಟ್ ಆಗಿ ಡಾಲ್ಫ್ ಲಂಡ್‌ಗ್ರೆನ್. ಆ ವರ್ಷ ಕಾನ್ ಚಿತ್ರೋತ್ಸವದ ಕೆಂಪು ಹಾಸಿನ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತಳ್ಳಾಡಿ ಸುದ್ದಿಯಾದರು. ಅದು ಪ್ರಚಾರಕ್ಕೆಂದು ಆಡಿದ ಆಟ ಎಂಬುದು ಆಮೇಲೆ ಹೊರಬಿತ್ತು. ಅಂದರೆ 1992ರಲ್ಲಿ ಈ ಇಬ್ಬರೂ ಕೈ ಮಿಲಾಯಿಸುತ್ತಾರೆ ಎನ್ನುವುದೇ ಟಿಕೆಟ್ ಮಾರುವ ಸರಕು.

ಆಮೇಲೆ ಸರಣಿ ಹಳ್ಳ ಹಿಡಿಯಿತು. 1998ರಲ್ಲಿ ವ್ಯಾನ್ ಡ್ಯಾಮ್ ಇಲ್ಲದೆಯೇ ಎರಡು ಟಿವಿ ಸಿನಿಮಾ, 1999ರಲ್ಲಿ ವ್ಯಾನ್ ಡ್ಯಾಮ್ ಇದ್ದೂ ಮಕಾಡೆ ಮಲಗಿದ ಒಂದು ಥಿಯೇಟರ್ ಸಿನಿಮಾ. ಅಲ್ಲಿಂದ ಮುಂದೆ ಅವರ ಸಿನಿಮಾಗಳು ಅಮೆರಿಕದಲ್ಲಿ ಹೆಚ್ಚುಕಡಿಮೆ ಡಿವಿಡಿ ಅಂಗಡಿಯ ಕಪಾಟಿಗೇ ಸೀಮಿತವಾದವು.

ಈ ಕಪಾಟಿನ ಲೆಕ್ಕಾಚಾರ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಇಂಥ ಸಿನಿಮಾಕ್ಕೆ ದುಡ್ಡು ಹುಟ್ಟುವುದು ಸಿನಿಮಾ ತಯಾರಾದ ಮೇಲಲ್ಲ, ಅದಕ್ಕೂ ಮುಂಚೆ. ಕಾನ್‌ನಲ್ಲೋ ಅಮೆರಿಕನ್ ಫಿಲ್ಮ್ ಮಾರ್ಕೆಟ್‌ನಲ್ಲೋ ನಿರ್ಮಾಪಕ ಒಂದು ಪೋಸ್ಟರ್ ಹಿಡಿದು ಕೂರುತ್ತಾನೆ. ಪೋಸ್ಟರ್ ಮೇಲೆ ಪರಿಚಿತ ಮುಖ ಇದ್ದರೆ ಜರ್ಮನಿಯವರು ಇಷ್ಟು, ಜಪಾನಿನವರು ಇಷ್ಟು ಎಂದು ತಮ್ಮ ತಮ್ಮ ದೇಶದ ಹಕ್ಕನ್ನು ಮುಂಗಡವಾಗಿ ಕೊಳ್ಳುತ್ತಾರೆ. ಆ ಕರಾರುಪತ್ರಗಳನ್ನು ತೋರಿಸಿ ಬ್ಯಾಂಕಿನಿಂದ ಸಾಲ. ಸಾಲದ ದುಡ್ಡಿನಲ್ಲಿ, ಕೂಲಿ ಕಡಿಮೆ ಇರುವ ಪೂರ್ವ ಯುರೋಪಿನಲ್ಲಿ ಚಿತ್ರೀಕರಣ. ಈ ಇಡೀ ಸರಪಳಿ ನಿಂತಿರುವುದು ಆ ಮುಖದ ಮೇಲೆ. ಹಾಗಾಗಿ ಬಜೆಟ್ಟಿನ ದೊಡ್ಡ ತುಂಡು ಆ ಮುಖಕ್ಕೇ ಹೋಗುತ್ತದೆ. ದಿನದ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಸ್ಟಾರ್ ಕೆಲವೇ ದಿನ ಸೆಟ್ಟಿನಲ್ಲಿರುತ್ತಾನೆ. ಉಳಿದದ್ದಕ್ಕೆ ಹಿಂಬದಿಯಿಂದ ತೆಗೆದ ಡೂಪ್, ಕತ್ತಲೆ, ಬಾಯಿತುಂಬಾ ಸಂಭಾಷಣೆ.

ಇದರ ಕೆಟ್ಟ ರೂಪವನ್ನು ಈ ಬಗೆಯ ಸಿನಿಮಾ ನೋಡುವವರೆಲ್ಲ ಬಲ್ಲರು. ಹಳೆಯ ಸ್ಟಾರ್ ಒಂದು ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಅಪ್ಪಣೆ ಕೊಡುತ್ತಾನೆ, ಕೊನೆಯಲ್ಲಿ ಎದ್ದು ಒಬ್ಬನ ಕೈ ತಿರುಚುತ್ತಾನೆ. ಪೋಸ್ಟರ್‌ನಲ್ಲಿ ಮಾತ್ರ ಅವನೊಬ್ಬನೇ. ಗೆಳೆಯನ ಅಭಿಮಾನ ಇಂಥವನ್ನೂ ದಾಟಿ ಬಂದದ್ದು. ‘ಮೋಸ ಹೋಗಿ ಹೋಗಿಯೇ ಅಲ್ವಾ ಒಳ್ಳೇದು ಯಾವುದು ಅಂತ ಗೊತ್ತಾಗೋದು’ ಅನ್ನುತ್ತಾನೆ.

‘ರೀಜನರೇಶನ್’ ಇದೇ ಬಡ ಕೇರಿಯಲ್ಲಿ ಹುಟ್ಟಿದ್ದು. ಆದರೆ ನಿರ್ದೇಶಕ ಜಾನ್ ಹೈಯಮ್ಸ್ ಬಂದ ಹಿನ್ನೆಲೆ ಬೇರೆ. 2002ರಲ್ಲಿ ಅವರು ಮಾರ್ಕ್ ಕೆರ್ ಎಂಬ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾಳಗ) ಹೋರಾಟಗಾರನ ಬಗ್ಗೆ ‘ದ ಸ್ಮ್ಯಾಶಿಂಗ್ ಮೆಷಿನ್’ ಎಂಬ ಸಾಕ್ಷ್ಯಚಿತ್ರ ಮಾಡಿದ್ದರು. ಹೊಡೆತ ತಿಂದವರು ಕೋಣೆಗೆ ಮರಳಿದ ಮೇಲೆ ಹೇಗೆ ಕೂರುತ್ತಾರೆ, ಹೇಗೆ ಉಸಿರಾಡುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡವರು. ಕ್ಯಾಮೆರಾ ಹಿಡಿದವರು ಅವರ ಅಪ್ಪ ಪೀಟರ್ ಹೈಯಮ್ಸ್, ‘ಟೈಮ್‌ಕಾಪ್’ ಮತ್ತು ‘ಸಡನ್ ಡೆತ್’ (1995) ಸಿನಿಮಾಗಳಲ್ಲಿ ಇದೇ ವ್ಯಾನ್ ಡ್ಯಾಮ್‌ರನ್ನು ನಿರ್ದೇಶಿಸಿದವರು. ಮಗ ನಿರ್ದೇಶಕ, ಅಪ್ಪ ಛಾಯಾಗ್ರಾಹಕ, ಎದುರಿಗೆ ಅಪ್ಪನ ಹಳೆಯ ಹೀರೋ. ಡಿವಿಡಿ ಕಪಾಟಿನ ಸಿನಿಮಾಕ್ಕೆ ಇಂಥ ಕೂಟ ಸೇರುವುದು ಅಪರೂಪ.

ಅಳಿಯನ ತಕರಾರು

ಅಳಿಯನಿಗೆ ಇಪ್ಪತ್ತು ದಾಟಿದೆ. ಪಂಜರದೊಳಗೆ ನಡೆಯುವ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ನ ಯುಎಫ್‌ಸಿ ಪಂದ್ಯಗಳನ್ನು ತಪ್ಪದೆ ನೋಡುತ್ತಾನೆ. ಸಿನಿಮಾ ಫೈಟು ಅಂದರೆ ಅವನಿಗೆ ಅಸಡ್ಡೆ. ‘ನಿಜವಾದ ಹೊಡೆದಾಟ ನೋಡಿದ ಮೇಲೆ ಇವೆಲ್ಲ ಡ್ಯಾನ್ಸು ಮಾವ’ ಎಂದು ಶುರುವಿನಲ್ಲೇ ಹೇಳಿಬಿಟ್ಟ.

ಕಥೆ ಹೀಗೆ: ಭಯೋತ್ಪಾದಕರು ಪ್ರಧಾನಮಂತ್ರಿಯ ಮಕ್ಕಳನ್ನು ಅಪಹರಿಸಿ, ಚೆರ್ನೋಬಿಲ್ ಅಣುಸ್ಥಾವರದಲ್ಲಿ ಬಾಂಬ್ ಇಟ್ಟು ಕೂತಿದ್ದಾರೆ. ಅವರ ಬಳಿ ಹೊಸ ತಲೆಮಾರಿನ ಯೂನಿವರ್ಸಲ್ ಸೋಲ್ಜರ್ ಒಬ್ಬನಿದ್ದಾನೆ. ಅವನನ್ನು ಮುಗಿಸಲು ಸರ್ಕಾರ ತನ್ನ ಹಳೆಯ ಸರಕನ್ನು, ಅಂದರೆ ಮೊದಲಿನ ಸೋಲ್ಜರ್‌ಗಳನ್ನು ಕಳಿಸುತ್ತದೆ, ಅವನು ಅವರನ್ನೇ ಮುಗಿಸುತ್ತಾನೆ. ಕೊನೆಗೆ ಸ್ವಿಟ್ಜರ್ಲೆಂಡಿನಲ್ಲಿ ವೈದ್ಯೆಯೊಬ್ಬಳ ಆರೈಕೆಯಲ್ಲಿ ಮನುಷ್ಯನಾಗಲು ಹೆಣಗುತ್ತಿರುವ ಡೆವರೋನನ್ನು ಮತ್ತೆ ಯಂತ್ರವಾಗಿಸಿ ಕಳಿಸಬೇಕಾಗುತ್ತದೆ.

ಸಿನಿಮಾ 97 ನಿಮಿಷದ್ದು. ಅದರ ಮೊದಲರ್ಧದಲ್ಲಿ ವ್ಯಾನ್ ಡ್ಯಾಮ್ ಅಲ್ಲೊಮ್ಮೆ ಇಲ್ಲೊಮ್ಮೆ ಮುಖ ತೋರಿಸುತ್ತಾರೆ ಅಷ್ಟೆ. ಅಳಿಯ ಸುಮ್ಮನಿರಲಿಲ್ಲ.

‘ಹೀರೋ ಎಲ್ಲಿ ಮಾವ? ಇದೂ ಆ ಕುರ್ಚಿ ಸಿನಿಮಾನೇ ಅಲ್ವಾ?’

‘ತಡಿ ಕಣೋ. ಅವನು ಊಟ ಮಾಡ್ತಿದ್ದ ಸೀನ್ ನೋಡಿದೆಯಲ್ಲ, ಏನನ್ನಿಸ್ತು?’

‘ಏನಿಲ್ಲ. ಡಲ್ಲಾಗಿದ್ದ.’

‘ಅದೇ ಮತ್ತೆ.’

ಗೆಳೆಯ ಹೇಳುತ್ತಿದ್ದದ್ದು ರೆಸ್ಟೋರೆಂಟಿನ ದೃಶ್ಯ. ಡೆವರೋ ಅಲ್ಲಿ ಕೂತಿರುತ್ತಾನೆ, ಕಣ್ಣಿನಲ್ಲಿ ಏನೂ ಇಲ್ಲ. ಕಾರಣವೇ ಇಲ್ಲದೆ ಅಲ್ಲಿದ್ದವನೊಬ್ಬನ ಮೇಲೆ ಬಿದ್ದು ಬಡಿಯುತ್ತಾನೆ. ಹಳೆಯ ವ್ಯಾನ್ ಡ್ಯಾಮ್ ಸಿನಿಮಾದಲ್ಲಿ ಇದೇ ಜಾಗದಲ್ಲಿ ಒಬ್ಬ ಪುಂಡ ಇರುತ್ತಿದ್ದ, ಒಬ್ಬ ಹುಡುಗಿಯನ್ನು ಕೆಣಕುತ್ತಿದ್ದ, ನಾವು ಸಿಳ್ಳೆ ಹೊಡೆಯಲು ಒಂದು ನೆಪ ಸಿಗುತ್ತಿತ್ತು. ಇಲ್ಲಿ ನೆಪ ಇಲ್ಲ. ಬರೀ ಅಭ್ಯಾಸಬಲ. ಹೊಡೆಯುವುದಷ್ಟೇ ಗೊತ್ತಿರುವ ಮೈಗೆ ಹೊಡೆಯದೆ ಇರುವುದನ್ನು ಕಲಿಸಲು ಹೋಗಿ ಸೋತ ಚಿತ್ರ ಅದು. ಇದಕ್ಕೂ ಒಂದು ವರ್ಷ ಹಿಂದೆ, 2008ರ ‘ಜೆಸಿವಿಡಿ’ಯಲ್ಲಿ, ವ್ಯಾನ್ ಡ್ಯಾಮ್ ತಮ್ಮದೇ ಹೆಸರಿನ ಸೋತ ನಟನ ಪಾತ್ರ ಮಾಡಿ, ಕ್ಯಾಮೆರಾ ನೋಡುತ್ತಾ ಉದ್ದಕ್ಕೆ ಮಾತಾಡಿ ಎಲ್ಲರನ್ನೂ ಬೆರಗುಗೊಳಿಸಿದ್ದರು. ಇಲ್ಲಿ ಮಾತೇ ಇಲ್ಲ. ಕಣ್ಣ ಕೆಳಗಿನ ಚೀಲ, ಕೆನ್ನೆಯ ಗೆರೆ ಎಲ್ಲ ಹಾಗೇ ಕಾಣುತ್ತವೆ. ಮುಚ್ಚುವ ಮೇಕಪ್ಪೂ ಇಲ್ಲ, ಮುದ್ದಾಗಿಸುವ ಬೆಳಕೂ ಇಲ್ಲ.

ಅಳಿಯನ ತಕರಾರಿಗೆ ನನ್ನ ಉತ್ತರ: ಹೀರೋನನ್ನು ಇಷ್ಟು ಕಮ್ಮಿ ತೋರಿಸಿದ್ದರಲ್ಲಿ ದುಡ್ಡಿನ ಲೆಕ್ಕ ಇಲ್ಲದಿರುವುದಿಲ್ಲ. ಆದರೆ ಕುರ್ಚಿ ಸಿನಿಮಾಗಳು ಸ್ಟಾರ್ ಇಲ್ಲ ಎಂಬುದನ್ನು ಬಚ್ಚಿಡುತ್ತವೆ, ಇದು ಅದನ್ನೇ ಕಥೆ ಮಾಡಿಕೊಂಡಿದೆ. ಎಲ್ಲರೂ ‘ಅವನನ್ನು ಕರೆಸಿ’ ಎನ್ನುತ್ತಾರೆ, ಬರಬಾರದು ಎಂದು ವೈದ್ಯೆ ಹಟ ಹಿಡಿಯುತ್ತಾಳೆ. ನೋಡುವವನಿಗೂ ಅದೇ ಇಬ್ಬಂದಿ: ಅವನು ಬರಲಿ ಅನಿಸುತ್ತದೆ, ಬಂದರೆ ಆ ಮನುಷ್ಯ ಕೆಟ್ಟ ಎಂದೂ ಗೊತ್ತಿರುತ್ತದೆ.

ಕಟ್ ಇಲ್ಲದ ಓಟ

ಡೆವರೋ ಕೊನೆಗೂ ಸ್ಥಾವರಕ್ಕೆ ನುಗ್ಗುವಾಗ ಒಂದು ಉದ್ದನೆಯ ಟೇಕ್ ಬರುತ್ತದೆ. ಕ್ಯಾಮೆರಾ ಅವನ ಬೆನ್ನು ಬಿಡದೆ ಓಡುತ್ತದೆ. ಬಂದೂಕು, ಚಾಕು, ಕೈಗೆ ಸಿಕ್ಕಿದ್ದು. ಒಂದು ಮೂಲೆ ತಿರುಗಿದರೆ ಒಬ್ಬ, ಇನ್ನೊಂದು ಬಾಗಿಲು ದಾಟಿದರೆ ಇನ್ನೊಬ್ಬ. ಗೆಳೆಯ ಇಲ್ಲಿ ರಿಮೋಟ್ ಕೈಗೆತ್ತಿಕೊಂಡ. ಒಮ್ಮೆ ಪೂರ್ತಿ ಬಿಟ್ಟ, ಹಿಂದಕ್ಕೆ ಎಳೆದ, ಮತ್ತೆ ಬಿಟ್ಟ.

‘ಈಗ ಅವನನ್ನ ನೋಡಬೇಡ, ಸಾಯೋರನ್ನ ನೋಡು’ ಅಂದ ಅಳಿಯನಿಗೆ.

ಅದು ಒಳ್ಳೆಯ ಪಾಠ. ಕಟ್ ಇಲ್ಲದ ಫೈಟಿನಲ್ಲಿ ನಿಜವಾದ ಕೆಲಸ ಹೊಡೆಸಿಕೊಳ್ಳುವವರದು. ಹೀರೋ ತಲುಪುವ ಹೊತ್ತಿಗೆ ಸಾಹಸ ಕಲಾವಿದ ಸರಿಯಾದ ಗುರುತಿನ ಮೇಲೆ ನಿಂತಿರಬೇಕು, ಹೊಡೆತ ಮೈ ಸೋಕುವ ಒಂದು ಕ್ಷಣ ಮೊದಲೂ ಅಲ್ಲ, ಆಮೇಲೂ ಅಲ್ಲ, ಸೋಕಿದಾಗಲೇ ಬೀಳಬೇಕು. ಬಿದ್ದವನು ಕ್ಯಾಮೆರಾದ ದಾರಿಗೆ ಅಡ್ಡ ಬರಬಾರದು. ಒಬ್ಬ ಎಡವಿದರೆ ಇಡೀ ಓಟ ಮೊದಲಿನಿಂದ. ಇನ್ನೊಂದು ಕಷ್ಟ, ನಟ ಮತ್ತು ಡೂಪ್ ಜಾಗ ಬದಲಿಸಿಕೊಳ್ಳಲು ಕಟ್‌ನ ಮರೆ ಇರುವುದಿಲ್ಲ. ಇದಕ್ಕೆ ಬೇಕಾದ್ದು ರಿಹರ್ಸಲ್. ರಿಹರ್ಸಲ್‌ಗೆ ಬೇಕಾದ್ದು ಬೆವರು. ಕಂಪ್ಯೂಟರ್ ಗ್ರಾಫಿಕ್ಸಿಗೆ ಸುರಿಯುವ ದುಡ್ಡಿನ ಮುಂದೆ ಅದು ಅಗ್ಗವೇ.

ಅದೇ ದಶಕದಲ್ಲಿ ದೊಡ್ಡ ಬ್ಯಾನರಿನ ಸಿನಿಮಾಗಳು ಎತ್ತ ಹೋಗಿದ್ದವು ನೆನಪಿಸಿಕೊಳ್ಳಿ. ‘ಬಾರ್ನ್’ ಸರಣಿಯ 2004 ಮತ್ತು 2007ರ ಭಾಗಗಳು ಅಲುಗಾಡುವ ಕ್ಯಾಮೆರಾ, ಚಕಚಕ ಕಟ್‌ಗಳ ಶೈಲಿಯನ್ನು ಜನಪ್ರಿಯಗೊಳಿಸಿದವು. ಅಲ್ಲಿ ಅದಕ್ಕೊಂದು ಹದ ಇತ್ತು. ಅನುಕರಿಸಿದವರ ಕೈಯಲ್ಲಿ ಅದು ಫೈಟ್ ಬಾರದ ನಟನನ್ನು ಕಾಪಾಡುವ ಉಪಾಯವಾಯಿತು. 2014ರ ‘ಟೇಕನ್ 3’ರಲ್ಲಿ ನಾಯಕ ಒಂದು ಬೇಲಿ ಹಾರುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಕಟ್ ಬಂದು ನಗೆಪಾಟಲಾಯಿತು. ಅಷ್ಟು ದುಡ್ಡಿದ್ದವರು ಬೇಲಿ ತೋರಿಸಲಾರದೆ ಹೋದಾಗ, ಡಿವಿಡಿ ಕಪಾಟಿನವರು ಇಡೀ ಕಟ್ಟಡದ ಉದ್ದಕ್ಕೂ ಕಟ್ ಇಲ್ಲದೆ ಓಡಿದ್ದರು.

ಎರಡನೇ ಸಲ ನೋಡುವಾಗ ಅಳಿಯ ಮಾತಾಡಲಿಲ್ಲ. ಮೂರನೇ ಸಲ ಅವನೇ ರಿಮೋಟ್ ಕೇಳಿದ.

ನಾನು ಗಮನಿಸಿದ್ದು ಬೇರೆ. ಓಟದಲ್ಲಿ ವ್ಯಾನ್ ಡ್ಯಾಮ್ ಹಗುರಾಗಿಲ್ಲ. ಹೆಜ್ಜೆ ಭಾರ. ‘ಬ್ಲಡ್‌ಸ್ಪೋರ್ಟ್’ ಕಾಲದ, ಬ್ಯಾಲೆ ಕಲಿತ ಕಾಲು ಗಾಳಿಯಲ್ಲಿ ಚಕ್ರ ಬಿಡಿಸುವ ಬೆಡಗು ಇಲ್ಲಿಲ್ಲ. ಅವರ ಹೆಸರಿಗೆ ಅಂಟಿಕೊಂಡ, ಎರಡೂ ಕಾಲು ಚಾಚಿ ಕೂರುವ ಆ ಸ್ಪ್ಲಿಟ್ಟಿನ ಬಲದ ಮೇಲೆ ಈ ಸಿನಿಮಾ ನಿಂತಿಲ್ಲ. ಹತ್ತಿರ ಹೋಗಿ, ಹಿಡಿದು, ಚುಚ್ಚಿ, ಮುಂದೆ. ಹರೆಯದಲ್ಲಿ ಇದೇ ದೃಶ್ಯ ತೆಗೆದಿದ್ದರೆ ನಿಧಾನಗತಿಯಲ್ಲಿ ಒಂದು ಒದೆ ಇದ್ದೇ ಇರುತ್ತಿತ್ತು, ಅದನ್ನು ಮೂರು ಕೋನದಿಂದ ತೋರಿಸುತ್ತಿದ್ದರು.

ಲಂಡ್‌ಗ್ರೆನ್ ಎದ್ದಾಗ

ಪ್ರಕರಣದ ತಿರುಳು ಇಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1992ರ ಸಿನಿಮಾದ ಕೊನೆಯಲ್ಲಿ ಸ್ಕಾಟ್ ಸತ್ತು ನುಚ್ಚುನೂರಾಗಿದ್ದ. ಇಲ್ಲಿ ಹುಚ್ಚು ವಿಜ್ಞಾನಿಯೊಬ್ಬ ಅವನ ತದ್ರೂಪಿಯನ್ನು ಎಬ್ಬಿಸುತ್ತಾನೆ. ಎದ್ದವನಿಗೆ ತಾನು ಯಾರೆಂದು ಗೊತ್ತಿಲ್ಲ, ಯಾವುದೋ ಹಳೆಯ ದ್ವೇಷ ಮಾತ್ರ ಎಲ್ಲೋ ಮಿಣುಕುತ್ತದೆ. ಬದುಕಿನ ಬಗ್ಗೆ ಏನೋ ಗಹನವಾದದ್ದನ್ನು ಗೊಣಗಿ, ಎಬ್ಬಿಸಿದವನ ತಲೆಯನ್ನೇ ಹಿಸುಕಿಬಿಡುತ್ತಾನೆ. ಆಮೇಲೆ ಡೆವರೋ ಎದುರಾಗುತ್ತಾನೆ.

ಲಂಡ್‌ಗ್ರೆನ್‌ಗೆ ಆಗ ಐವತ್ತು ದಾಟಿತ್ತು. 1980 ಮತ್ತು 81ರಲ್ಲಿ ಕ್ಯೋಕುಶಿನ್ ಕರಾಟೆಯಲ್ಲಿ ಯುರೋಪಿಯನ್ ಚಾಂಪಿಯನ್ ಆಗಿದ್ದವರು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಪಡೆದು, ಎಂಐಟಿಗೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಸಿಕ್ಕಿಯೂ ಓದು ಬಿಟ್ಟು ಬಂದವರು. ಕ್ಯೋಕುಶಿನ್ ಅಂದರೆ ಕೈಗವಸು ಇಲ್ಲದೆ ಮೈಗೆ ಪೂರ್ತಿ ಬಲದಿಂದ ಹೊಡೆಯುವ ಶಾಖೆ. ಮುಖಕ್ಕೆ ಮುಷ್ಟಿ ಹಾಕುವಂತಿಲ್ಲ, ಹಾಗಾಗಿ ಹತ್ತಿರ ನಿಂತು ಎದೆ, ಪಕ್ಕೆ, ತೊಡೆಗೆ ಗುದ್ದಿಸಿಕೊಂಡೇ ಮುಂದೆ ನುಗ್ಗುವುದನ್ನು ಕಲಿಸುತ್ತದೆ. ವ್ಯಾನ್ ಡ್ಯಾಮ್ ಬೆಳೆದದ್ದು ಶೊಟೊಕಾನ್ ಎಂಬ ಕರಾಟೆ ಶಾಖೆಯಲ್ಲಿ, ಅಲ್ಲಿ ದೂರದಿಂದ ಒಳನುಗ್ಗಿ ಒಂದೇಟಿಗೆ ಮುಗಿಸುವ ಲೆಕ್ಕ. ಗೆಳೆಯ ಹೇಳುವ ಪ್ರಕಾರ ಈ ಎರಡು ಮೈಗಳು ಬೇರೆ ಬೇರೆ ಶಾಲೆಯವು ಎಂಬುದು ಅವು ನಿಲ್ಲುವ ರೀತಿಯಲ್ಲೇ ಕಾಣುತ್ತದೆ. ಒಬ್ಬ ಗೋಡೆಯ ಹಾಗೆ ಬರುತ್ತಾನೆ, ಇನ್ನೊಬ್ಬ ಸಂದು ಹುಡುಕುತ್ತಾನೆ.

ಫೈಟಿನಲ್ಲಿ ಚೆಲುವಿಲ್ಲ. ಗೋಡೆ ಒಡೆಯುತ್ತದೆ, ಇಬ್ಬರೂ ಧೂಳಿನಲ್ಲಿ ಬೀಳುತ್ತಾರೆ, ಏಳುತ್ತಾರೆ. ಏಳಲು ತೆಗೆದುಕೊಳ್ಳುವ ಸಮಯವನ್ನು ಕತ್ತರಿಸಿ ಬಿಸಾಕಿಲ್ಲ. ಹಿನ್ನೆಲೆ ಸಂಗೀತ ಉಬ್ಬಿಸುವುದಿಲ್ಲ. ಕೊನೆಗೆ ಡೆವರೋ ಒಂದು ಕೊಳವೆಯನ್ನು ಸ್ಕಾಟ್‌ನ ಹಣೆಗೆ ತೂರಿಸಿ, ಅದರೊಳಗೆ ಬಂದೂಕಿನ ನಳಿಕೆ ಇಟ್ಟು ಗುಂಡು ಹಾರಿಸುತ್ತಾನೆ. ಅಸಹ್ಯ ಹುಟ್ಟಿಸುವ ಕೊನೆ. ಸಿಳ್ಳೆ ಹೊಡೆಯುವ ಮನಸ್ಸಾಗುವುದಿಲ್ಲ.

ಇಲ್ಲಿ ಗೆಳೆಯ ಸಿನಿಮಾ ನಿಲ್ಲಿಸಿದ. ಅವನ ಮಾತನ್ನು ಹಾಗೇ ಬರೆಯುತ್ತೇನೆ.

‘ನೋಡು ಮರಿ, 92ರಲ್ಲಿ ಇವರಿಬ್ಬರು ಹೊಡೆದಾಡಿದಾಗ ಯಾರು ಗೆಲ್ತಾರೆ ಅಂತ ನಮಗೆ ತಲೆಬಿಸಿ. ಇಲ್ಲಿ ಯಾರು ಗೆದ್ರೂ ಅಷ್ಟೇ. ಸತ್ತವರನ್ನ ಎಬ್ಬಿಸಿ ಎಬ್ಬಿಸಿ ಹೊಡೆದಾಡಿಸ್ತಿದ್ದಾರೆ. ಸಿನಿಮಾದವರೂ ಅದನ್ನೇ ಮಾಡ್ತಿದ್ದಾರಲ್ಲ, ಈ ಇಬ್ಬರನ್ನ ಇಟ್ಕೊಂಡು?’

ಅಭಿಮಾನದಲ್ಲಿ ಮುಳುಗಿದವನ ಬಾಯಿಂದ ಬರುವ ಮಾತಲ್ಲ ಇದು. ತಾನು ಪ್ರೀತಿಸುವ ನಟರನ್ನು ಮಾರುಕಟ್ಟೆ ಹೇಗೆ ಮತ್ತೆ ಮತ್ತೆ ಎಬ್ಬಿಸಿ ನಿಲ್ಲಿಸುತ್ತಿದೆ ಎಂಬುದು ಅವನಿಗೆ ಗೊತ್ತು, ಕೊಂಡು ನೋಡುವ ತಾನೂ ಅದರಲ್ಲಿ ಪಾಲುದಾರ ಎಂಬುದೂ ಗೊತ್ತು. ಸಿನಿಮಾಕ್ಕೂ ಅದು ಗೊತ್ತಿದೆ ಎಂಬುದೇ ಅವನ ಖುಷಿಯ ಬೇರು. ಇಷ್ಟು ವರ್ಷದ ಗೆಳೆತನದಲ್ಲಿ ನನಗೆ ಈ ಬೇರು ಕಂಡಿರಲಿಲ್ಲ. ಬರೀ ಹಳೆಯ ದಿನಗಳ ಹಂಬಲ ಎಂದುಕೊಂಡಿದ್ದೆ. ಹಂಬಲಕ್ಕಾಗಿದ್ದರೆ ಅವನು ‘ಕಿಕ್‌ಬಾಕ್ಸರ್’ ಹಾಕಿಕೊಂಡು ಕೂರುತ್ತಿದ್ದ.

ಮೂರನೆಯವನು

ಅಳಿಯ ಈ ಸಿನಿಮಾಕ್ಕೆ ನಿಜವಾಗಿ ಬಿದ್ದದ್ದು ಬೇರೆ ಬಾಗಿಲಿನಿಂದ. ಹೊಸ ತಲೆಮಾರಿನ ಸೈನಿಕನ ಮುಖ ಸರಿಯಾಗಿ ಕಂಡಾಗಲೇ ಅವನು ನೆಟ್ಟಗೆ ಕೂತಿದ್ದ.

‘ಮಾವ, ಅದು ಅರ್ಲೋವ್‌ಸ್ಕಿ ಅಲ್ವಾ?’

ಹೌದು, ಬೆಲಾರೂಸಿನ ಆಂಡ್ರೇ ಅರ್ಲೋವ್‌ಸ್ಕಿ, 2005ರಲ್ಲಿ ಯುಎಫ್‌ಸಿ ಹೆವಿವೇಟ್ ಪಟ್ಟ ಗೆದ್ದವರು, ಮೂಲತಃ ಸಾಂಬೋ ಎಂಬ ರಷ್ಯನ್ ಕುಸ್ತಿಯ ಪಟು. ಇನ್ನೊಬ್ಬ ಯುಎಫ್‌ಸಿ ಹೋರಾಟಗಾರ ಮೈಕ್ ಪೈಲ್ ಕೂಡ ಇದರಲ್ಲಿದ್ದಾರೆ. ಸಾಕ್ಷ್ಯಚಿತ್ರ ಮಾಡಿದ ನಿರ್ದೇಶಕ ಆ ಲೋಕದಿಂದಲೇ ಆಳುಗಳನ್ನು ಕರೆತಂದದ್ದು ಸಹಜ. ಅರ್ಲೋವ್‌ಸ್ಕಿಗೆ ಮಾತು ತೀರಾ ಕಡಿಮೆ ಕೊಟ್ಟಿದ್ದಾರೆ, ಅದು ಜಾಣತನ. ಅವರು ನಟಿಸಬೇಕಾಗಿಲ್ಲ, ನಡೆದು ಬಂದರೆ ಸಾಕು.

ಒಂದು ಉಪಕಥೆ. 2009ರ ಜನವರಿಯಲ್ಲಿ ಅರ್ಲೋವ್‌ಸ್ಕಿ ರಷ್ಯಾದ ಹೋರಾಟಗಾರ ಫ್ಯೋದರ್ ಎಮೆಲಿಯಾನೆಂಕೋ ಎದುರು ಹಾರಿ ಮಂಡಿಯಿಂದ ಹೊಡೆಯಲು ಹೋಗಿ, ಗಾಳಿಯಲ್ಲಿದ್ದಾಗಲೇ ಬಲಗೈ ಹೊಡೆತ ತಿಂದು ಪ್ರಜ್ಞೆ ತಪ್ಪಿ ಬಿದ್ದರು. ಆ ಪಂದ್ಯಾವಳಿಗೆ ಇಟ್ಟಿದ್ದ ಹೆಸರು ‘ಡೇ ಆಫ್ ರೆಕನಿಂಗ್’. ಇದೇ ನಿರ್ದೇಶಕ 2012ರಲ್ಲಿ ಮಾಡಿದ ಮುಂದಿನ ಭಾಗಕ್ಕೂ ಅದೇ ಹೆಸರು. ಕಾಕತಾಳೀಯವೇ ಇರಬೇಕು, ಆದರೆ ಅಳಿಯ ಇದನ್ನು ಕಂಡುಹಿಡಿದವನಂತೆ ಕುಣಿದಾಡಿದ.

ಅರ್ಲೋವ್‌ಸ್ಕಿ ಇದ್ದದ್ದರಿಂದ ಸಿನಿಮಾಕ್ಕೆ ಒಂದು ದೊಡ್ಡ ಲಾಭವಾಗಿದೆ. ಎಂಬತ್ತು ತೊಂಬತ್ತರ ದಶಕದ ಸಿನಿಮಾ ಕರಾಟೆ, ಎರಡು ಸಾವಿರದ ಈಚೆಯ ಪಂಜರದ ಕುಸ್ತಿ ಮುಖಾಮುಖಿಯಾಗುತ್ತವೆ. ಅರ್ಲೋವ್‌ಸ್ಕಿ ದೇಹ ವ್ಯಾನ್ ಡ್ಯಾಮ್‌ಗಿಂತ ದೊಡ್ಡದು, ವಯಸ್ಸು ಹತ್ತಿರ ಹತ್ತಿರ ಎರಡು ದಶಕ ಕಡಿಮೆ. ಕೊನೆಯ ಫೈಟಿನಲ್ಲಿ ಡೆವರೋ ಅವನನ್ನು ಸೋಲಿಸುವುದು ಒದೆಯಿಂದಲ್ಲ, ಸ್ಫೋಟಕದ ನೆರವಿನಿಂದ. ಬೇರೆ ದಾರಿ ಇಟ್ಟಿದ್ದರೆ ಅಳಿಯ ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ.

ಅಭಿಮಾನಿ ಕಾಣದಿದ್ದದ್ದು

ಹಾಗೆಂದು ಗೆಳೆಯನ ಮಾತನ್ನೆಲ್ಲ ಒಪ್ಪಲಾಗದು. ಮೊದಲರ್ಧದ ಸೈನಿಕರ ಗುಂಡಿನ ಕಾಳಗ ಒಂದರ ಹಾಗೆ ಇನ್ನೊಂದು. ಬೂದುಬಣ್ಣದ ಕಟ್ಟಡ, ಬೂದುಬಣ್ಣದ ಸಮವಸ್ತ್ರ, ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಎಂಬುದೇ ತಿಳಿಯದ ಗದ್ದಲ. ಭಯೋತ್ಪಾದಕರ ಬಾಯಿಗೆ ಹಾಕಿದ ಸಂಭಾಷಣೆ ಸಪ್ಪೆ. ಅಪಹರಣವಾದ ಮಕ್ಕಳಿಗೆ ಹೆದರುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಡೆವರೋನನ್ನು ಕಾಪಾಡಲು ಹೆಣಗುವ ವೈದ್ಯೆಯ ಪಾತ್ರ ಇನ್ನೂ ನಾಲ್ಕು ದೃಶ್ಯ ಬೇಡುತ್ತಿತ್ತು. ಅವು ಇದ್ದಿದ್ದರೆ ಅವನನ್ನು ಮತ್ತೆ ಯಂತ್ರವಾಗಿಸುವ ಘಟ್ಟ ಇನ್ನಷ್ಟು ಚುಚ್ಚುತ್ತಿತ್ತು. ಇದಕ್ಕೆಲ್ಲ ದುಡ್ಡು ಬೇಕಿರಲಿಲ್ಲ, ಬರವಣಿಗೆ ಸಾಕಿತ್ತು. ‘ಬಡತನವೇ ಗುಣವಾಯಿತು’ ಎಂಬ ಗೆಳೆಯನ ವಾದ ಫೈಟುಗಳ ಮಟ್ಟಿಗೆ ನಿಲ್ಲುತ್ತದೆ, ಸಂಭಾಷಣೆಯ ಮಟ್ಟಿಗೆ ನಿಲ್ಲುವುದಿಲ್ಲ. ಇದನ್ನು ಹೇಳಿದರೆ ಅವನು ಕೇಳಿಸದವನಂತೆ ರಿಮೋಟಿನ ಬ್ಯಾಟರಿ ತಿರುವುತ್ತಾನೆ.

ವಯಸ್ಸಿನ ಬಗ್ಗೆಯೂ ಅವನ ವಾದ ಅರ್ಧ ಸರಿ. ವಯಸ್ಸಾದ ಮಾತ್ರಕ್ಕೆ ಫೈಟಿಗೆ ತೂಕ ಬರುವುದಿಲ್ಲ, ಬರುವುದಿದ್ದರೆ ಕುರ್ಚಿ ಸಿನಿಮಾಗಳೆಲ್ಲ ತೂಕದವಾಗಬೇಕಿತ್ತು. ವಯಸ್ಸನ್ನು ಮುಚ್ಚದೆ ತೋರಿಸುವ ನಿರ್ದೇಶಕ ಸಿಗಬೇಕು, ತೋರಿಸಲು ಒಪ್ಪುವ ನಟ ಸಿಗಬೇಕು. ಈ ಸಿನಿಮಾದ ಮಟ್ಟಿಗೆ ಎರಡೂ ಕೂಡಿಬಂದವು.

ಆಮೇಲೆ

ಕೆಲವು ದಿನ ಕಳೆದು ಅಳಿಯ ತಾನಾಗಿಯೇ 2012ರ ‘ಡೇ ಆಫ್ ರೆಕನಿಂಗ್’ ನೋಡಿದ. ಅದರಲ್ಲಿ ನಾಯಕ ಬ್ರಿಟಿಷ್ ನಟ ಸ್ಕಾಟ್ ಆಡ್ಕಿನ್ಸ್. ವ್ಯಾನ್ ಡ್ಯಾಮ್ ಬೋಳು ತಲೆ, ಬಣ್ಣ ಬಳಿದ ಮುಖದಲ್ಲಿ ನೆರಳಿನಂತೆ ಬಂದುಹೋಗುತ್ತಾರೆ. ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ಆಡ್ಕಿನ್ಸ್ ಮತ್ತು ಅರ್ಲೋವ್‌ಸ್ಕಿ ಬೇಸ್‌ಬಾಲ್ ಬ್ಯಾಟು ಹಿಡಿದು ಬಡಿದಾಡುವ ಫೈಟು ಈ ಇಡೀ ಸರಣಿಯಲ್ಲೇ ಮೇಲು ಎಂದು ಅವನ ತೀರ್ಪು. ಆ ಸಿನಿಮಾದ ಫೈಟುಗಳನ್ನು ಹೆಣೆದವರು ಲಾರ್ನೆಲ್ ಸ್ಟೊವಾಲ್; ಹೊಡೆತ ಲೆಕ್ಕ ಹಾಕುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ನನಗೂ ಸಿನಿಮಾವಾಗಿ ಅದೇ ಹೆಚ್ಚು ಗಟ್ಟಿ ಅನಿಸುತ್ತದೆ. ಗೆಳೆಯ ಅದನ್ನು ಅಲ್ಲಗಳೆಯುವುದಿಲ್ಲ. ‘ಒಳ್ಳೇ ಸಿನಿಮಾ, ಆದ್ರೆ ಅದು ಆಡ್ಕಿನ್ಸ್‌ದು’ ಎಂದು ಬದಿಗಿಡುತ್ತಾನೆ.

ಈಗ ಮಾವ ಅಳಿಯ ಕೂತಲ್ಲೆಲ್ಲ ಇದೇ ಜಗಳ. ಅಳಿಯ ಬ್ಯಾಟಿನ ಫೈಟನ್ನು ಮುಂದಿಡುತ್ತಾನೆ, ಮಾವ ಕೊಳವೆಯ ಫೈಟನ್ನು. ಅಳಿಯ ವೇಗದ ಮಾತೆತ್ತಿದರೆ ಮಾವ ಉಸಿರಿನ ಮಾತೆತ್ತುತ್ತಾನೆ. ಹೋದ ಸಲ ಅಳಿಯ ಕೇಳಿದ: ‘ಲಂಡ್‌ಗ್ರೆನ್ ಅಷ್ಟು ಚೆನ್ನಾಗಿ ಮಾಡಿದಾನೆ ಅಂತೀರಲ್ಲ, ಮತ್ತೆ ಯಾಕೆ ಮಾವ ಅವನಿಗೆ ಅಷ್ಟೇ ಚೂರು ಪಾರ್ಟು?’

‘ದಿನದ ಲೆಕ್ಕದಲ್ಲಿ ಕೊಡೋದಲ್ವೇನೋ ದುಡ್ಡು’ ಅಂದ ಗೆಳೆಯ, ಮತ್ತೆ ಅದೇ ದೃಶ್ಯಕ್ಕೆ ಓಡಿಸಲು ರಿಮೋಟ್ ಹುಡುಕುತ್ತಾ.